ಡೆಡ್ ಟಿವಿ ಅಂತ ಧೈರ್ಯವಾಗಿ ಕೈ ಹಾಕ್ಬೇಡಿ

ಮನೇಲಿ ಮಾಡಿದ ಆರ್ಕೇಡ್ (ವಿಡಿಯೋ ಗೇಮ್) ಕ್ಯಾಬಿನೆಟ್‌ಗೆ ಹಳೇ ಪಿಕ್ಚರ್ ಟ್ಯೂಬ್ ಟಿವಿ ಕೂರ್ಸಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಂದು ಪ್ಲೈವುಡ್ ಕ್ಯಾಬಿನೆಟ್ಟು, ಒಳಗೆ 21 ಇಂಚಿನ ಕಲರ್ ಟಿವಿಯ ಟ್ಯೂಬು ಬೋರ್ಡು ಎರಡನ್ನೂ ಬಿಚ್ಚಿ ಹಾಕಿದ್ದೆ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಂದ ಎವಿ ವೈರು, ಅಣ್ಣನ ಮಕ್ಳು ಬಂದ್ರೆ ಪ್ಯಾಕ್‌ಮ್ಯಾನ್ ಬಿಟ್ಟು ಊಟಕ್ಕೂ ಏಳ್ತಿರ್ಲಿಲ್ಲ. ಹೋದ ತಿಂಗಳು ಒಂದಿನ ಆನ್ ಮಾಡಿದ್ರೆ ಸ್ಟ್ಯಾಂಡ್‌ಬೈ ಲೈಟೂ ಇಲ್ಲ. ಫ್ಯೂಸ್ ನೋಡ್ದೆ, ಸರಿಯಾಗೇ ಇತ್ತು.

ಪ್ಲಗ್ ಕಿತ್ತು, ಟೀ ಕುಡ್ದು, ಹತ್ತು ನಿಮಿಷ ಬಿಟ್ಟು ಬಂದು ಎಲ್ಲಾದ್ರೂ ಸೋಲ್ಡರ್ ಬಿಟ್ಟಿದ್ಯಾ ನೋಡೋಣ ಅಂತ ಬೋರ್ಡ್ ಎತ್ತಿ ಹಿಡಿದೆ ಅಷ್ಟೇ, ಬೆರಳು ಚಾರ್ಜ್ ತುಂಬಿಟ್ಕೊಳ್ಳೋ ದೊಡ್ಡ ಕೆಪಾಸಿಟರ್‌ನ ಎರಡೂ ಕಾಲಿಗೆ ತಾಗಿ ಹೊಡೀತು ನೋಡಿ, ಕೈ ತಾನಾಗೇ ಹಿಂದಕ್ಕೆ ಹಾರಿ ಮೊಣಕೈ ಹೋಗಿ ಟ್ಯೂಬಿನ ಕುತ್ತಿಗೆಗೆ ಬಡೀತು. ಆಮೇಲೆ ಸುಯ್ ಅಂತ ಸಣ್ಣ ಸದ್ದು, ನಾಲ್ಕೈದು ಸೆಕೆಂಡ್ ಬಂತು. ಒಳಗೆ ಗಾಳಿ ನುಗ್ಗೋ ಸದ್ದು ಅದು. ಟ್ಯೂಬ್ ಹೋಯ್ತು. ಬೆರಳ ತುದೀಲಿ ಎರಡು ಸುಟ್ಟ ಚುಕ್ಕೆ ಇವತ್ತಿಗೂ ಇದೆ.

ಆಗಿದ್ದೇನು ಅಂದ್ರೆ, 230 ವೋಲ್ಟ್ ಎಸಿ ಡಿಸಿ ಆದ್ಮೇಲೆ ಆ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತೆ. ಓಡ್ತಿರೋ ಟಿವಿ ಪ್ಲಗ್ ಕಿತ್ರೆ ಪವರ್ ಸಪ್ಲೈನೇ ಅದನ್ನ ಎಳ್ಕೊಂಡು ಖಾಲಿ ಮಾಡ್ಬಿಡುತ್ತೆ. ನನ್ನ ಬೋರ್ಡಲ್ಲಿ ಸಪ್ಲೈನ ಶುರು ಮಾಡಿಸೋ ಸ್ಟಾರ್ಟಿಂಗ್ ರೆಸಿಸ್ಟರ್ ಓಪನ್ ಆಗಿತ್ತು (ಒಳಗೇ ಕಟ್ಟಾಗಿತ್ತು), ಸಪ್ಲೈ ಶುರುನೇ ಆಗ್ತಿರ್ಲಿಲ್ಲ, ಹಾಗಾಗಿ ಚಾರ್ಜ್ ಎಳೆಯೋಕೆ ಯಾರೂ ಇಲ್ಲ, ಅಲ್ಲೇ ಕೂತಿತ್ತು. ಅಂದ್ರೆ ಡೆಡ್ ಆಗಿರೋ ಬೋರ್ಡೇ ಜಾಸ್ತಿ ಡೇಂಜರ್, ಇದನ್ನ ನಂಗೆ ಮೊದ್ಲು ಯಾರೂ ಹೇಳಿರ್ಲಿಲ್ಲ.

ಈಗ ನಾನು ಹೋಲ್ಡರ್‌ಗೆ 60 ವ್ಯಾಟ್ ಹಳೇ ಬಲ್ಬ್ ಹಾಕಿ ಎರಡು ವೈರ್ ಬಿಟ್ಕೊಂಡಿದೀನಿ, ಎಲ್ಇಡಿ ಬಲ್ಬ್ ಅಲ್ಲ, ಫಿಲಮೆಂಟ್ ಇರೋದೇ ಬೇಕು. ವೈರಿನ ಇನ್ಸುಲೇಶನ್ ಹಿಡ್ಕೊಂಡು ಕೆಪಾಸಿಟರ್ ಕಾಲಿಗೆ ಮುಟ್ಸಿದ್ರೆ ಒಂದ್ಸಲ ಫಕ್ ಅಂತ ಹತ್ತಿ ಆರುತ್ತೆ, ಆಮೇಲೂ ಮಲ್ಟಿಮೀಟರ್ ಡಿಸಿಗೆ ಇಟ್ಟು ನೋಡಿ, ಸೊನ್ನೆಗೆ ಹತ್ರ ಬರೋವರೆಗೂ ಬೋರ್ಡ್ ಮುಟ್ಬೇಡಿ. ಸ್ಕ್ರೂಡ್ರೈವರಲ್ಲಿ ನೇರ ಶಾರ್ಟ್ ಮಾಡ್ಬೇಡಿ, ಕಿಡಿ ಹಾರುತ್ತೆ. ಟ್ಯೂಬ್ ಮೇಲಿನ ರಬ್ಬರ್ ಟೋಪಿ ಬೇರೇನೇ ವಿಷ್ಯ, ಅಲ್ಲಿ 20,000 ವೋಲ್ಟ್ ಮೇಲಿರುತ್ತೆ, ಅದನ್ನ ಗೊತ್ತಿರೋ ಮೆಕ್ಯಾನಿಕ್ ಕೈಲೇ ಬಿಚ್ಸಿ.

ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಎರಡ್ಮೂರು ರೂಪಾಯಿಗೆ ಸಿಕ್ತು, ಬೋರ್ಡ್ ಸರಿ ಹೋಯ್ತು. 21 ಇಂಚಿನ ಟ್ಯೂಬ್ ಮಾತ್ರ ಇನ್ನೂ ಹುಡುಕ್ತಾನೇ ಇದೀನಿ, ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ ಗುಜರಿಗೆ ಹಾಕೋ ಮುಂಚೆ ಒಂದ್ಮಾತು ಹೇಳಿ.