ಮುಖ್ಯೋಪಾಧ್ಯಾಯರನ್ನು ಮತ್ತೆ ತರಗತಿಯಲ್ಲಿ ಕೂರಿಸುವ ತರಬೇತಿ

ಶಾಲಾ ಮುಖ್ಯಸ್ಥರಿಗಾಗಿ ಅಂತರ್ಜಾಲದಲ್ಲಿ ಆರು ತಿಂಗಳು ನಡೆಯುವ ಶೈಕ್ಷಣಿಕ ನಾಯಕತ್ವದ ತರಬೇತಿಯೊಂದನ್ನು ಈಚೆಗೆ ಮುಗಿಸಿದೆ. ಇಂತಹ ತರಬೇತಿಗಳು ಸಾಮಾನ್ಯವಾಗಿ ದಾಖಲೆ, ವೇಳಾಪಟ್ಟಿ, ಸಭೆಗಳ ಸುತ್ತಲೇ ಗಿರಕಿ ಹೊಡೆಯುವುದರಿಂದ ಹೆಚ್ಚಿನ ನಿರೀಕ್ಷೆಯಿಟ್ಟು ಸೇರಿರಲಿಲ್ಲ. ಆದರೆ ಮೊದಲ ವಾರವೇ ನಮಗೆ ವಹಿಸಿದ ಕೆಲಸ, ನಮ್ಮ ಹೊತ್ತು ಎಲ್ಲೆಲ್ಲಿ ಕಳೆಯುತ್ತದೆಂದು ಹದಿನೈದು ದಿನ ಬರೆದಿಡುವುದು. ನನ್ನ ಪಟ್ಟಿಯಲ್ಲಿ ಪಾಠ ನಡೆಯುವಾಗ ತರಗತಿಯಲ್ಲಿ ಕುಳಿತ ಸಮಯ ಎರಡು ಗಂಟೆಯನ್ನೂ ಮುಟ್ಟಿರಲಿಲ್ಲ; ಉಳಿದದ್ದೆಲ್ಲ ಕಡತಗಳ ಪಾಲಾಗಿತ್ತು.

ತರಬೇತಿಯ ಜೀವಾಳವಿರುವುದು ಪಾಠ ವೀಕ್ಷಣೆಯ ಘಟಕದಲ್ಲಿ. ಶಿಕ್ಷಕರು ಏನು ಮಾಡುತ್ತಿದ್ದಾರೆ ಎಂಬುದಕ್ಕಿಂತ ಮಕ್ಕಳು ಏನು ಹೇಳುತ್ತಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಬರೆಯಬೇಕು. ಕಂಡದ್ದನ್ನು ಬರೆದು ಮುಗಿಸುವ ತನಕ ಒಳ್ಳೆಯದು, ಕೆಟ್ಟದ್ದು ಎಂಬ ತೀರ್ಪು ಕೊಡುವಂತಿಲ್ಲ. ಹೇಳಲು ಸುಲಭ, ಪಾಲಿಸಲು ಕಷ್ಟ. ಅಚ್ಚುಕಟ್ಟಾಗಿ ಸಾಗುತ್ತಿದ್ದ ಗಣಿತದ ತರಗತಿಯೊಂದರಲ್ಲಿ, ತಲೆ ತಗ್ಗಿಸಿ ಬರೆಯುತ್ತಿದ್ದ ಹುಡುಗಿಯನ್ನು ಏನು ಮಾಡುತ್ತಿದ್ದೀಯೆಂದು ಮೆಲ್ಲಗೆ ಕೇಳಿದಾಗ ಆಕೆ, ‘ಹಲಗೆಯಲ್ಲಿರುವುದನ್ನು ಬರೆದುಕೊಳ್ಳುತ್ತಿದ್ದೇನೆ’ ಎಂದಳು. ಲೆಕ್ಕ ಬಿಡಿಸುತ್ತಿದ್ದೇನೆ ಎನ್ನಲಿಲ್ಲ. ಇಷ್ಟು ವರ್ಷ ಕಿಟಕಿಯಾಚೆಯಿಂದ ಇಣುಕಿ ನಾನು ಮೆಚ್ಚಿಕೊಂಡಿದ್ದ ನಿಶ್ಶಬ್ದದ ಒಳಗೆ ಎಷ್ಟು ಕಲಿಕೆಯಿತ್ತೋ ಎಂಬ ಅನುಮಾನ ಅಂದಿನಿಂದ ಬಿಟ್ಟಿಲ್ಲ.

ಮುಖ್ಯಸ್ಥರು ತರಗತಿಯ ಕಲಿಕೆಯ ಜೊತೆಗಿರಬೇಕೆಂಬ ಈ ಒತ್ತಿಗೆ ಆಧಾರವಾಗಿ ಬೋಧಕರು ಮತ್ತೆ ಮತ್ತೆ ಉಲ್ಲೇಖಿಸಿದ್ದು ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್‌ಸನ್ ಮತ್ತು ಸಂಗಡಿಗರು 27 ಪ್ರಕಟಿತ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2008ರಲ್ಲಿ ಹೊರತಂದ ವಿಶ್ಲೇಷಣೆಯನ್ನು. ಅದರ ಪ್ರಕಾರ, ಶಿಕ್ಷಕರ ಕಲಿಕೆಯನ್ನು ಮುಖ್ಯಸ್ಥರು ಪ್ರೋತ್ಸಾಹಿಸಿ ತಾವೂ ಅದರಲ್ಲಿ ಪಾಲ್ಗೊಳ್ಳುವುದರಿಂದ ಮಕ್ಕಳ ಕಲಿಕೆಯ ಮೇಲಾಗುವ ಸರಾಸರಿ ಪರಿಣಾಮದ ಪ್ರಮಾಣ (ಅಂಕಿ ದೊಡ್ಡದಾದಷ್ಟೂ ಪರಿಣಾಮ ಹೆಚ್ಚು) 0.84, ಶಿಸ್ತಿನ, ಬೆಂಬಲದ ವಾತಾವರಣ ಕಾಯ್ದುಕೊಳ್ಳುವುದರದ್ದು 0.27. ಹಾಗೆಂದು ಶಿಸ್ತು ಬೇಡವೆಂದು ಅರ್ಥವಲ್ಲ, ಗದ್ದಲದ ನಡುವೆ ಯಾವ ಪಾಠವೂ ನಿಲ್ಲದು. ಮೇಲಾಗಿ, ಆ ದೊಡ್ಡ ಅಂಕಿಯ ಹಿಂದಿರುವುದು ಬೆರಳೆಣಿಕೆಯ ಅಧ್ಯಯನಗಳು ಮಾತ್ರ ಎಂಬುದನ್ನು ಬೋಧಕರು ತಿಳಿಸಬೇಕಿತ್ತು, ತಿಳಿಸಲಿಲ್ಲ.

ಕೊರತೆಗಳೂ ಇವೆ. ಶಾಲೆಯ ದೂರದೃಷ್ಟಿಯನ್ನು ಒಂದು ವಾಕ್ಯದಲ್ಲಿ ಹಿಡಿದಿಡುವ ಕಸರತ್ತಿಗೆ ಎರಡು ವಾರ ವ್ಯಯವಾಯಿತು. ನಾವು ಮೂವತ್ತು ಮಂದಿ ಬರೆದ ವಾಕ್ಯಗಳನ್ನು ಅದಲುಬದಲು ಮಾಡಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕಿಂತ ಗಂಭೀರವಾದ ಲೋಪವೆಂದರೆ, ಮಗುವಿಗೆ ಶಾಲೆ ತನ್ನದೆನಿಸುವುದು ಹೇಗೆ, ತಪ್ಪು ಉತ್ತರ ಹೇಳಲು ಅದು ಹೆದರದಿರುವುದು ಯಾವಾಗ, ಪದೇ ಪದೇ ಗೈರಾಗುವವರ ಹಿಂದಿನ ಕಾರಣಗಳೇನು ಎಂಬ ಪ್ರಶ್ನೆಗಳನ್ನೆಲ್ಲ ಕೊನೆಯ ವಾರದ ಒಂದೇ ಉಪನ್ಯಾಸಕ್ಕೆ ತುರುಕಿದ್ದು. ನಿಯೋಜನೆಗಳ ಮೇಲಿನ ಟಿಪ್ಪಣಿ ಮೂರು ವಾರ ತಡವಾಗಿ ಬರುತ್ತಿತ್ತು. ನೋಡಿದ ಪಾಠದ ಬಗ್ಗೆ ಶಿಕ್ಷಕರೊಡನೆ ಮರುದಿನದೊಳಗೆ ಮಾತನಾಡಿ ಎಂದು ನಮಗೆ ಕಲಿಸುತ್ತಿದ್ದವರೂ ಅವರೇ.

ಹೊಸದಾಗಿ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತವರಿಗಿಂತ, ಐದಾರು ವರ್ಷ ಕಳೆದು ತರಗತಿಯಿಂದ ದೂರವಾದವರಿಗೆ ಇದನ್ನು ಶಿಫಾರಸು ಮಾಡುತ್ತೇನೆ. ವಾರಕ್ಕೆ ಕನಿಷ್ಠ ಮೂರು ಪಾಠಗಳನ್ನು ಪೂರ್ತಿ ಕುಳಿತು ನೋಡಲು ಬಿಡುವು ಮಾಡಿಕೊಳ್ಳಲಾಗದಿದ್ದರೆ ಸೇರದಿರುವುದೇ ಲೇಸು, ಏಕೆಂದರೆ ಆಗ ಕೈಗೆ ಸಿಗುವುದು ಪ್ರಮಾಣಪತ್ರವೊಂದೇ.