ಎಸ್ಟೀಮ್ ಎಂಜಿನ್ ಬೆನ್ನ ಹಿಂದೆ: ಅಗ್ಗದ ಟ್ರ್ಯಾಕ್ ಕಾರಿಗೆ ನಾಲ್ಕು ದಾರಿ

ಕಡಿಮೆ ದುಡ್ಡಲ್ಲಿ ಟ್ರ್ಯಾಕ್‌ಗೆಂದೇ ಒಂದು ಕಾರು ಕಟ್ಟುವವರಿಗೆ ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಮಾರುತಿ ಎಸ್ಟೀಮ್‌ನ ಮುಂಭಾಗವನ್ನು ಇಡಿಯಾಗಿ ಎತ್ತಿ, ಚೌಕ ಪೈಪಿನ ಚೌಕಟ್ಟಿನಲ್ಲಿ ಡ್ರೈವರ್ ಬೆನ್ನ ಹಿಂದೆ ಕೂರಿಸುವುದು. ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಹಬ್, ಡಿಸ್ಕ್, ಸ್ಟ್ರಟ್ ಎಲ್ಲವೂ ಒಂದೇ ಗುಜರಿ ಕಾರಿನಿಂದ, ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಹಿಂದಿನ ಆಕ್ಸಲ್‌ಗಾಗಿ ಅಲೆದಾಟವೂ ಇಲ್ಲ. ಉಳಿದ ಮೂರು ದಾರಿಗಳಲ್ಲಿ ಎಲ್ಲಿ ದುಡ್ಡು ಸೋರುತ್ತದೆ, ಈ ದಾರಿಯಲ್ಲಿ ಎಲ್ಲಿ ತಲೆ ಕೆಡುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಎಸ್ಟೀಮ್ ಅನ್ನೇ ಬರಿದು ಮಾಡಿ ಓಡಿಸುವುದು ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಸೀಟು, ಕಾರ್ಪೆಟ್, ಏಸಿ, ಗಾಜಿನ ಮೋಟಾರು ಕಿತ್ತರೆ ಕೇಜ್ (ಕಾರು ಮಗುಚಿದರೆ ಡ್ರೈವರನ್ನು ಕಾಯುವ ಪೈಪಿನ ಪಂಜರ) ಸೇರಿಯೂ ಸುಮಾರು 780 ಕೆಜಿಗೆ ಇಳಿಯುತ್ತದೆ. 85 ಅಶ್ವಶಕ್ತಿಗೆ ಲೆಕ್ಕ ಹಾಕಿದರೆ ಟನ್ನಿಗೆ 109. ಅದೇ ಎಂಜಿನ್ 580 ಕೆಜಿಯ ಚೌಕಟ್ಟಿನಲ್ಲಿ ಕೂತರೆ 147. ಬರಿದು ಮಾಡುವ ಈ ದಾರಿಯಲ್ಲಿ ಖರ್ಚೆಲ್ಲ ಕೇಜ್‌ನದು. ಅಂತರರಾಷ್ಟ್ರೀಯ ಮೋಟರ್ ಸ್ಪರ್ಧೆಗಳ ಸಂಸ್ಥೆ ಫಿಯಾದ (FIA) ನಿಯಮದಂತೆ ಮುಖ್ಯ ಹೂಪ್‌ಗೆ (ಡ್ರೈವರ್ ಹಿಂದಿನ ಕಮಾನಿಗೆ) 45×2.5 ಅಥವಾ 50×2 ಮಿ.ಮೀ., ಉಳಿದದ್ದಕ್ಕೆ 38×2.5 ಅಥವಾ 40×2 ಮಿ.ಮೀ. ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಹೊಲಿಗೆಯಿಲ್ಲದ) ಪೈಪು ಬೇಕು. ಅಂಗಡಿಯವರು "ಅದೇ ಸೈಜು ಸಾರ್" ಅಂತ ಕೊಡುವ ಇಆರ್‌ಡಬ್ಲ್ಯೂ ಪೈಪಿಗೆ ಉದ್ದಕ್ಕೂ ಹೊಲಿಗೆ ಇರುತ್ತದೆ. ಒಳಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ, ಅದು ಬೇಡ. ಕಾಲುಗಳ ಕೆಳಗಿನ ಪ್ಲೇಟು 3 ಮಿ.ಮೀ. ದಪ್ಪ, ಕನಿಷ್ಠ 120 ಚದರ ಸೆಂ.ಮೀ. ಇರಬೇಕು. ಹಳೆಯ ಎಸ್ಟೀಮ್‌ನ ನೆಲ ಆ ಪ್ಲೇಟಿನ ಸುತ್ತ ತುಕ್ಕು ಹಿಡಿದಿದ್ದರೆ ಕೇಜ್ ಇದ್ದೂ ಇಲ್ಲದ ಹಾಗೆ. ಟೂರಿಂಗ್ ಕಾರ್ ವರ್ಗದಲ್ಲಿ ಸ್ಪರ್ಧೆಗೆ ಇಳಿಯಬೇಕು ಅನ್ನುವವರು ಇದನ್ನೇ ಹಿಡಿಯಲಿ. ಸ್ವಂತ ಚೌಕಟ್ಟಿನ ಕಾರಿಗೆ ಇಲ್ಲಿ ಟ್ರ್ಯಾಕ್ ಡೇ (ಸ್ಪರ್ಧೆಯಿಲ್ಲದೆ ಸುಮ್ಮನೆ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಬಿಟ್ಟರೆ ಹೆಚ್ಚಿನ ಜಾಗವಿಲ್ಲ.

ಎರಡನೆಯದು ಲೋಕಾಸ್ಟ್ ಮಾದರಿ, ಅಂದರೆ ಅಗ್ಗವಾಗಿ ಮನೆಯಲ್ಲೇ ಕಟ್ಟುವ ತೆರೆದ ಕಾರು: ಎಂಜಿನ್ ಮುಂದೆ, ಎಂಜಿನ್ ಓಡಿಸುವ ಚಕ್ರ ಹಿಂದೆ, 1957ರ ಲೋಟಸ್ ಸೆವೆನ್‌ನ ಆಕಾರ. ಬ್ರಿಟನ್ನಿನಲ್ಲಿ ಇದು ಅಗ್ಗವಾದದ್ದು ಅಲ್ಲಿ ಹಿಂಚಕ್ರ ಓಡುವ ಫೋರ್ಡ್ ಎಸ್ಕಾರ್ಟ್‌ಗಳು ಗುಜರಿಯಲ್ಲಿ ರಾಶಿ ಬಿದ್ದಿದ್ದ ಕಾಲದಲ್ಲಿ. ಅಲ್ಲಿನ 750 ಮೋಟರ್ ಕ್ಲಬ್ ಇದಕ್ಕೆಂದೇ ಒಂದು ರೇಸ್ ಸರಣಿ ನಡೆಸಿತು. ನಮ್ಮಲ್ಲಿ ಆ ಜಾಗಕ್ಕೆ ಯಾವುದು ಬರಬೇಕು? ಪದ್ಮಿನಿ ಈಗ ಶೋಕಿಯವರ ಪಾಲು. ಜಿಪ್ಸಿಯ ಭಾಗಗಳಿಗೆ ಕಾಡು ಸುತ್ತುವವರ ಪೈಪೋಟಿ, ಆಕ್ಸಲ್ಲೂ ಭಾರ. ಓಮ್ನಿ ಸಿಗುತ್ತದೆ, ಆದರೆ 796 ಸಿಸಿ. ಸೆವೆನ್ ನೋಡಲು ಚೆಂದ, ಅಷ್ಟೇ.

ಬೈಕ್ ಎಂಜಿನ್ನಿನ ಆಸೆ ಕಾಲೇಜು ಹುಡುಗರಿಗೆ ಜಾಸ್ತಿ, ಸ್ಟೂಡೆಂಟ್ ಫಾರ್ಮುಲಾ ಕಾರುಗಳಲ್ಲಿ ಕೆಟಿಎಂ 390 ಎಂಜಿನ್ ನೋಡಿ ಬಂದಿರುತ್ತದೆ. ಒಬ್ಬನೇ ಕೂರುವ 250 ಕೆಜಿಯ ಗಾಡಿಗೆ ಅದು ಸರಿ. ಆದರೆ ರಿವರ್ಸ್ ಇಲ್ಲ, ಚೈನಿನಿಂದ ಎರಡು ಚಕ್ರಕ್ಕೆ ಶಕ್ತಿ ಹಂಚಲು ಡಿಫರೆನ್ಷಿಯಲ್ ಬೇಕು, ಆಮದಾದ ಒಂದು ಒಳ್ಳೆಯ ಡಿಫ್‌ನ ಬೆಲೆಗೆ ಓಡುವ ಎಸ್ಟೀಮ್ ಒಂದು ಬಂದು ಮಿಗುತ್ತದೆ. ಬೈಕು ತಿರುವಿನಲ್ಲಿ ವಾಲುತ್ತದೆ, ಕಾರು ವಾಲುವುದಿಲ್ಲ. ಹಾಗಾಗಿ ಉದ್ದ ತಿರುವಿನಲ್ಲಿ ಎಂಜಿನ್ ತಳದ ಸಂಪ್‌ನ ಎಣ್ಣೆ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಹೀರುತ್ತದೆ. ಎಣ್ಣೆ ಸರಿಯದಂತೆ ತಡೆಯುವ ಅಡ್ಡ ತಟ್ಟೆ, ಅಂದರೆ ಬ್ಯಾಫಲ್ ಹಾಕದೆ ಟ್ರ್ಯಾಕ್‌ಗೆ ಇಳಿಸಿದರೆ ಬೇರಿಂಗ್ ಹೋಗುವುದು ಖಚಿತ.

ಇನ್ನು ನನ್ನ ಆಯ್ಕೆಯ ತಲೆನೋವು, ಗೇರ್ ಲಿಂಕೇಜ್: ಲಿವರನ್ನು ಗೇರ್‌ಬಾಕ್ಸ್‌ಗೆ ಸೇರಿಸುವ ರಾಡುಗಳು. ಎಲ್ಲರೂ ಇದನ್ನು ಕೊನೆಗೆ ಬಿಡುತ್ತಾರೆ, ಚೌಕಟ್ಟು ವೆಲ್ಡ್ ಆದಮೇಲೆ ಪೈಪು ಕತ್ತರಿಸಿ ಅಳುತ್ತಾರೆ.

ಎಸ್ಟೀಮ್‌ನ ಗೇರ್‌ಬಾಕ್ಸ್‌ನಿಂದ ಒಂದು ರಾಡು ಹಿಂದಕ್ಕೆ, ಕ್ಯಾಬಿನ್ ಕಡೆಗೆ ಬರುತ್ತದೆ. ಉದ್ದಕ್ಕೆ ಎಳೆದು ತಳ್ಳಿದರೆ ಗೇರು ಬೀಳುತ್ತದೆ, ತಿರುಚಿದರೆ ಸಾಲು (ಒಂದು-ಎರಡು, ಮೂರು-ನಾಲ್ಕು, ಐದು-ರಿವರ್ಸ್) ಬದಲಾಗುತ್ತದೆ. ಎರಡೂ ಕೆಲಸ ಒಂದೇ ರಾಡಿನದು. ಇಡೀ ಗಂಟನ್ನು ಬೆನ್ನ ಹಿಂದೆ ಇಟ್ಟಾಗ ಈ ರಾಡು ಡ್ರೈವರ್ ಕಡೆಗಲ್ಲ, ಹಿಂದಿನ ಬಂಪರ್ ಕಡೆ ಮುಖ ಮಾಡುತ್ತದೆ. "ಹಾಗಾದರೆ ಎಂಜಿನ್ನನ್ನೇ ತಿರುಗಿಸಿ ಇಟ್ಟರಾಯಿತಲ್ಲ" ಅನ್ನುವವರು ಇದ್ದೇ ಇರುತ್ತಾರೆ. ತಿರುಗಿಸಿದರೆ ಚಕ್ರವೂ ಉಲ್ಟಾ ತಿರುಗುತ್ತದೆ: ಐದು ರಿವರ್ಸ್, ಒಂದು ಫಾರ್ವರ್ಡ್.

ಮಾಡಬೇಕಾದ್ದು ಇದು. ಲಿವರ್‌ನಿಂದ ಒಂದು ಉದ್ದ ರಾಡು ಗೇರ್‌ಬಾಕ್ಸ್ ಪಕ್ಕದಿಂದ ಹಾದು ಅದರ ಹಿಂದೆ ಹೋಗಬೇಕು, ಎರಡು ಬುಷ್‌ಗಳಲ್ಲಿ ಜಾರಬೇಕು, ತಿರುಗಲೂ ಬೇಕು. ಅಲ್ಲಿ ಉದ್ದ ರಾಡನ್ನೂ ಗೇರ್‌ಬಾಕ್ಸ್ ರಾಡನ್ನೂ ಒಂದು ಅಡ್ಡ ಪಟ್ಟಿ ಜೋಡಿಸುತ್ತದೆ. ಪಟ್ಟಿಯನ್ನು ಎರಡಕ್ಕೂ ವೆಲ್ಡ್ ಮಾಡಬಾರದು, ಮಾಡಿದರೆ ತಿರುಚುವ ಚಲನೆ ಸಿಕ್ಕಿಹಾಕಿಕೊಳ್ಳುತ್ತದೆ. ಪಟ್ಟಿಯ ಎರಡು ತೂತಿನಲ್ಲೂ ರಾಡುಗಳು ಸುತ್ತುವಂತಿರಬೇಕು, ಉದ್ದಕ್ಕೆ ಮಾತ್ರ ಕಾಲರ್ ಹಾಕಿ ತಡೆಯಬೇಕು. ತಿರುಚುವುದಕ್ಕೆ ಪ್ರತ್ಯೇಕವಾಗಿ ಎರಡೂ ರಾಡಿಗೆ ಒಂದೇ ಉದ್ದದ ಒಂದೊಂದು ಸಣ್ಣ ತೋಳು, ನಡುವೆ ಎರಡು ತುದಿಗೂ ರಾಡ್ ಎಂಡ್ (ಗುಂಡು ಕೀಲು) ಇರುವ ಕೊಂಡಿ. ಎರಡು ತೋಳೂ ಒಂದೇ ದಿಕ್ಕಿಗೆ ಇರಲಿ. ಒಂದು ಮೇಲೆ, ಒಂದು ಕೆಳಗೆ ಇಟ್ಟರೆ ಒಂದು-ಎರಡರ ಸಾಲು ಇದ್ದ ಕಡೆ ಐದು-ರಿವರ್ಸ್ ಬಂದು ಕೂರುತ್ತದೆ.

ಅಲ್ಲಿಗೂ ಮುಗಿಯುವುದಿಲ್ಲ. ಒಂದೊಂದು ಕೀಲಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೆ ನಾಲ್ಕು ಕೀಲಿಗೆ ಎರಡು ಮಿ.ಮೀ. ಆಯಿತು. ನಾಲ್ಕರಿಂದ ಮೂರಕ್ಕೆ ಇಳಿಸಲು ಹೋಗಿ ಒಂದಕ್ಕೆ ಬಿದ್ದರೆ ಎಂಜಿನ್ ಮಿತಿ ಮೀರಿ ಸುತ್ತಿ ಹಾಳಾಗಬಹುದು. ಇನ್ನೊಂದು: ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ರಬ್ಬರ್ ಮೌಂಟ್ ಮೇಲೆ ಹೊರಳುತ್ತದೆ, ಚಾಸಿಗೆ ಕಟ್ಟಿದ ಲಿವರ್ ಹೊರಳುವುದಿಲ್ಲ, ಗೇರು ತಾನಾಗಿ ಕಳಚುತ್ತದೆ. ಮೂಲ ಕಾರಿನಲ್ಲಿ ಇದಕ್ಕೆಂದೇ ಗೇರ್‌ಬಾಕ್ಸ್‌ಗೂ ಲಿವರ್ ಪೆಟ್ಟಿಗೆಗೂ ನಡುವೆ ಎರಡನೇ ರಾಡು ಇರುತ್ತದೆ, ಕಿತ್ತವರು ಅದನ್ನು ಗುಜರಿಯಲ್ಲೇ ಬಿಟ್ಟು ಬರುತ್ತಾರೆ. ಹೊಸ ಲಿಂಕೇಜ್‌ನಲ್ಲೂ ಅದರ ಕೆಲಸ ಮಾಡುವ ರಾಡು ಇರಲಿ, ಇಲ್ಲವೇ ಪಾಲಿಯುರೆಥೇನ್ ಮೌಂಟ್ ಹಾಕಿ ಕಂಪನ ಸಹಿಸಿಕೊಳ್ಳಿ.

ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ 2005ರಲ್ಲಿ ಬಂದ ಮೊದಲ ಸ್ವಿಫ್ಟ್ ನೋಡಿ. ಅದೂ 1.3 ಪೆಟ್ರೋಲೇ, ಆದರೆ ಗೇರಿಗೆ ಎರಡು ಕೇಬಲ್. ಕೇಬಲ್ ಎಂಜಿನ್ನಿನ ಮೇಲಿಂದ ಹೋಗಿ, ಅಗಲವಾಗಿ ಬಾಗಿ, ಮೊದಲಿದ್ದ ಬ್ರಾಕೆಟ್‌ಗೆ ಮೊದಲಿದ್ದ ದಿಕ್ಕಿನಿಂದಲೇ ಸೇರಿದರೆ ಗೇರ್ ಕ್ರಮ ಬದಲಾಗದು. ಬಾಗು 200 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾದರೆ ಕೇಬಲ್ ಒಳಗೇ ಹಿಡಿಯುತ್ತದೆ. ಮೂಲ ಕೇಬಲ್ ಉದ್ದ ಸಾಲದು, ದಾರ ಹಿಡಿದು ಅಳೆದು ಮಾಡಿಸಬೇಕು. ಸ್ವಿಫ್ಟ್‌ನಲ್ಲಿ ಇಮೊಬಿಲೈಸರ್ (ತನ್ನದೇ ಕೀಲಿಯಿಲ್ಲದೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ) ಇದ್ದರೆ ಹುಷಾರು. ಕೀಲಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್), ವೈರಿಂಗ್ ಮೂರೂ ಒಂದೇ ಕಾರಿನದಾಗಿರಬೇಕು, ಇಲ್ಲದಿದ್ದರೆ ಸ್ಟಾರ್ಟೇ ಆಗದು.

ಎಸ್ಟೀಮ್ ಆಗಲಿ ಸ್ವಿಫ್ಟ್ ಆಗಲಿ, ಹಿಂದಕ್ಕೆ ಹೋದ ಚಕ್ರಗಳು ಈಗ ಸ್ಟಿಯರ್ ಆಗಬಾರದು. ಹಬ್ ಹಿಡಿದಿರುವ ನಕಲ್‌ನ (knuckle) ಸ್ಟಿಯರಿಂಗ್ ತೋಳಿಗೆ, ಉದ್ದ ಹೊಂದಿಸಬಹುದಾದ ಟೋ ಲಿಂಕ್ ಹಾಕಿ ಚೌಕಟ್ಟಿಗೆ ಕಟ್ಟಬೇಕು. ಅದರ ಒಳತುದಿ ಎಲ್ಲಿರಬೇಕು ಅಂದರೆ, ಮೂಲ ಕಾರಿನಲ್ಲಿ ಸ್ಟಿಯರಿಂಗ್ ರ‍್ಯಾಕ್‌ನ ಒಳ ಬಾಲ್ ಜಾಯಿಂಟ್ ಎಲ್ಲಿತ್ತೋ ಅಲ್ಲೇ. ಸಿಕ್ಕ ಜಾಗದಲ್ಲಿ ಕಟ್ಟಿದರೆ ಚಕ್ರ ಮೇಲೆ-ಕೆಳಗೆ ಆದಾಗಲೆಲ್ಲ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಂತ ಕೋನ) ಬದಲಾಗಿ, ಉಬ್ಬು ಸಿಕ್ಕ ಕೂಡಲೇ ಕಾರಿನ ಹಿಂಭಾಗ ತಾನೇ ತಿರುಗುತ್ತದೆ. ಹಾಗಾಗಿ ಗ್ಯಾಸ್ ಕಟ್ಟರ್ ಹಿಡಿಯುವ ಮೊದಲೇ ಕೆಳ ತೋಳಿನ ಎರಡು ಪಿವಟ್, ರ‍್ಯಾಕ್‌ನ ಎರಡು ತುದಿ, ಸ್ಟ್ರಟ್‌ನ ಮೇಲಿನ ಬೋಲ್ಟು ಇಷ್ಟನ್ನೂ ಅಳೆದು ಬರೆದಿಡಿ.

ಮುಂದಿನ ಚಕ್ರಕ್ಕೂ ಎಸ್ಟೀಮ್ ಹಬ್ಬೇ ಹಾಕುವುದಾದರೆ ಒಂದು ಗುಟ್ಟು: ಆ ಬೇರಿಂಗ್ ಬಿಗಿಯಾಗಿ ನಿಲ್ಲುವುದು ಡ್ರೈವ್ ಶಾಫ್ಟ್‌ನ ಹೊರ ಕೀಲಾದ ಸಿವಿ ಜಾಯಿಂಟ್‌ನ ತುದಿಯ ನಟ್ಟಿನಿಂದ. ಶಾಫ್ಟ್ ಬೇಡವೆಂದು ಜಾಯಿಂಟನ್ನೂ ಎಸೆದರೆ ಬೇರಿಂಗ್ ಕಳಚಿಕೊಳ್ಳುತ್ತದೆ. ಕೆಟ್ಟ ಜಾಯಿಂಟ್ ತಂದು, ಹೊರಬಟ್ಟಲನ್ನು ಮಾತ್ರ ಉಳಿಸಿ, ಬೋಲ್ಟಿನಂತೆ ಬಳಸಿ.

ಬ್ರೇಕಿಗೆ ಮೂಲ ಮಾಸ್ಟರ್ ಸಿಲಿಂಡರ್ ಬೇಡ. ಅದು ಮೂಲೆಯಿಂದ ಮೂಲೆಗೆ ಹಂಚುತ್ತದೆ. ಮುಂದಕ್ಕೊಂದು, ಹಿಂದಕ್ಕೊಂದು ಸಿಲಿಂಡರ್, ನಡುವೆ ಎರಡರ ಪಾಲು ಹೊಂದಿಸುವ ಬ್ಯಾಲೆನ್ಸ್ ಬಾರ್ ಹಾಕಿ. ರೇಡಿಯೇಟರ್ ಮುಂದಿದ್ದರೆ ನೀರಿನ ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ತಿರುಪು ಇರಲಿ. ತಿರುವಿನಲ್ಲಿ ಪಂಪಿಗೆ ಪೆಟ್ರೋಲ್ ತಪ್ಪದಂತೆ ಒಂದು ಲೀಟರಿನ ಸಣ್ಣ ಡಬ್ಬಿ, ಸ್ವರ್ಲ್ ಪಾಟ್.

ಚೌಕಟ್ಟಿಗೆ 25×25×1.6 ಮಿ.ಮೀ. ಚೌಕ ಪೈಪು ಸಾಕು, ರೋಲ್ ಹೂಪ್ ಮಾತ್ರ ಸೀಮ್‌ಲೆಸ್. ದುಂಡು ಪೈಪಿಗೆ ಪ್ರತಿ ತುದಿಯಲ್ಲೂ ಮೀನಿನ ಬಾಯಿಯಂತೆ ಕೊರೆಯಬೇಕು. ಪೀಣ್ಯದಲ್ಲಿ ಲೇಸರ್‌ನಿಂದ ಕೊರೆಸಬಹುದು, ಆದರೆ ಒಂದೇ ಕಾರಿಗೆ ಆ ಖರ್ಚು ದಂಡ. ಲೇಸರ್ ದುಡ್ಡನ್ನು ಬ್ರಾಕೆಟ್‌ಗೆ ಇಡಿ: 3 ಮಿ.ಮೀ. ಶೀಟಿನಿಂದ ಸಸ್ಪೆನ್ಷನ್ ಕಿವಿಗಳನ್ನೆಲ್ಲ ಒಂದೇ ಡ್ರಾಯಿಂಗ್‌ನಲ್ಲಿ ಕತ್ತರಿಸಿದರೆ ಎಡ-ಬಲ ಕೂದಲೆಳೆ ವ್ಯತ್ಯಾಸ ಬರುವುದಿಲ್ಲ. ಪೈಪುಗಳನ್ನೆಲ್ಲ ಮೊದಲು ಟ್ಯಾಕ್ (ಚುಕ್ಕೆ ವೆಲ್ಡ್) ಮಾಡಿ, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿ. ಕಿವಿಗಳು ಕಟ್ಟಕಡೆಗೆ, ಚೌಕಟ್ಟು ಎಳೆದುಕೊಂಡು ತಣ್ಣಗಾದ ಮೇಲೆ.

ಮನೆಯಲ್ಲಿ ಒಂದು ಮಿಗ್ ವೆಲ್ಡರ್, ಲೇತ್ ಇಲ್ಲ, ಬಿಡುವು ಭಾನುವಾರ ಮಾತ್ರ ಅನ್ನುವವರ ಲೆಕ್ಕ ಇದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಹೇಗೂ ಲಾರಿಯ ಮೇಲೇ ಒಯ್ಯಬೇಕು, ರಸ್ತೆ ನೋಂದಣಿಯ ಆಸೆ ಬೇಡ. ಶಿವಾಜಿನಗರದ ಗುಜರಿಗೆ ಹೋದಾಗ "ಎಂಜಿನ್ ಬೇಕು" ಅನ್ನಬೇಡಿ, ಎಂಜಿನ್ ಮಾತ್ರವೇ ಕೊಡುತ್ತಾರೆ. "ಮುಂದಿನ ಅರ್ಧ ಕಾರು ಬೇಕು, ಡ್ಯಾಶ್‌ಬೋರ್ಡ್ ವೈರಿಂಗ್ ಸಮೇತ, ಅಳತೆ ತೆಗೆದುಕೊಳ್ಳುವವರೆಗೆ ಕತ್ತರಿಸಬೇಡಿ" ಅನ್ನಿ. ಗೇರ್ ಲಿವರಿನ ಆ ಎರಡನೇ ರಾಡನ್ನು ಕೇಳಿ ತೆಗೆದುಕೊಳ್ಳಿ.