ಮಳೆಗಾಲದ ಕಾಡಿಗೆ ಸದ್ದು ಮಾಡದ ಪ್ಯಾಂಟು: ನನ್ನ ಓಟು ಮೇಣದ ಬಟ್ಟೆಗೆ

ಕಪ್ಪೆಗಳ ಕೂಗು ರೆಕಾರ್ಡ್ ಮಾಡುವವರಿಗೆ ಮಳೆಗಿಂತ ಜಾಸ್ತಿ ಕಾಟ ಕೊಡುವುದು ಹಾಕಿಕೊಂಡ ಪ್ಯಾಂಟೇ. ಉತ್ತರ ಕನ್ನಡದ ಸಿದ್ದಾಪುರ ಕಡೆಯ ಕತ್ತಲೆಕಾನು ಕಾಡಿನ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಹೊಸ ಪ್ರಭೇದವೆಂದು ದಾಖಲಾದದ್ದು. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಅದು ಕೂಗುವುದು ರಾತ್ರಿ ಹೊತ್ತು, ಸುರಿಯುವ ಮಳೆಯಲ್ಲಿ. ನಾವು ಒಂದು ಹೆಜ್ಜೆ ಇಟ್ಟಾಗ ತೊಡೆಗೆ ತೊಡೆ ಉಜ್ಜಿ ಸರ್ ಸರ್ ಎಂದರೆ ಕಪ್ಪೆ ಸುಮ್ಮನಾಗುತ್ತದೆ. ಮೈಕಿನಲ್ಲಿ ಆ ಸರಸರವಷ್ಟೇ ಉಳಿಯುತ್ತದೆ.

ಪೇಟೆಯಲ್ಲಿ ಸಿಗುವ ನೈಲಾನ್ ರೈನ್ ಪ್ಯಾಂಟುಗಳ ತೊಂದರೆಯೇ ಇದು. ಲೇಬಲ್ ಮೇಲೆ 10,000 ಮಿ.ಮೀ. ಎಂದಿರುತ್ತದೆ. ಹತ್ತು ಮೀಟರ್ ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದರ್ಥ. ಒಳ್ಳೆಯದೇ. ಆದರೆ ಆಷಾಢದ ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವಾಗ ಒಳಗಿನ ಬೆವರು ಹೋಗುವುದೆಲ್ಲಿಗೆ? ಮಳೆಯಿಂದ ಬಚಾವಾದರೂ ಬೆವರಿನಲ್ಲಿ ನೆನೆಯುತ್ತೀರಿ. ಮೇಲೆ ಸದ್ದು ಬೇರೆ.

ನಾನೀಗ ಹಾಕುವುದು ಸ್ವೀಡನ್ನಿನ ಫ್ಯೆಲ್‌ರೇವೆನ್ ಕಂಪನಿಯ ವಿದ್ದಾ ಪ್ರೊ ಎಂಬ ಪ್ಯಾಂಟು. ತಮ್ಮ ಅಲ್ಲಿಂದ ತಂದುಕೊಟ್ಟಿದ್ದು. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ನಿಂತಿತು, ನಿಂತದ್ದೇ ಒಳ್ಳೆಯದಾಯಿತು. ಆದರೆ ಅಲ್ಲಿನ ಬೇಟೆಯವರು ಪ್ಯಾಂಟು ಆರಿಸುವಾಗ ನೋಡುವುದನ್ನೇ ನಾವೂ ನೋಡಬೇಕು: ಮೊದಲು ಸದ್ದು, ಆಮೇಲೆ ನೀರು.

ಇದರ ಬಟ್ಟೆಗೆ ಜಿ-1000 ಎನ್ನುತ್ತಾರೆ. 65 ಭಾಗ ಪಾಲಿಯೆಸ್ಟರ್, 35 ಭಾಗ ಹತ್ತಿ, ಒತ್ತಾದ ನೇಯ್ಗೆ. ನೀರು ತಡೆಯುವುದು ಮೇಲೆ ಹಚ್ಚುವ ಮೇಣ. ಪ್ಯಾರಾಫಿನ್ ಮತ್ತು ಜೇನುಮೇಣ ಸೇರಿಸಿದ ಬಿಲ್ಲೆ ಸಿಗುತ್ತದೆ. ಸೋಪು ಹಚ್ಚಿದಂತೆ ಬಟ್ಟೆಗೆ ತಿಕ್ಕಿ, ಹದವಾದ ಬಿಸಿಯ ಇಸ್ತ್ರಿ ಪೆಟ್ಟಿಗೆ ಆಡಿಸಬೇಕು. ಬಿಳಿ ಗೆರೆಗಳು ಕರಗಿ ಒಳಗಿಳಿಯುತ್ತವೆ, ಬಟ್ಟೆ ತುಸು ಕಪ್ಪಗಾಗುತ್ತದೆ. ಆಮೇಲೆ ಹನಿ ಬಿದ್ದರೆ ಉರುಳಿ ಹೋಗುತ್ತದೆ. ಎಲ್ಲಿ ಹಚ್ಚಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುವುದು ನನಗೆ ಬಹಳ ಇಷ್ಟವಾದ ಸಂಗತಿ. ಮಂಡಿ, ಕುಂಡಿ, ಮೊಣಕಾಲಿನ ಕೆಳಗೆ ದಪ್ಪಗೆ ಹಚ್ಚುತ್ತೇನೆ. ತೊಡೆಯ ಒಳಭಾಗಕ್ಕೆ ಮಾತ್ರ ಹಚ್ಚುವುದಿಲ್ಲ. ಮೇಣ ಜಾಸ್ತಿಯಾದರೆ ಬಟ್ಟೆ ಸೆಟೆದುಕೊಂಡು ಅಲ್ಲೇ ಸದ್ದು ಶುರುವಾಗುತ್ತದೆ.

ಮಂಡಿಗೆ ಎರಡು ಪದರ ಬಟ್ಟೆ ಇದೆ, ನಡುವೆ ಪ್ಯಾಡ್ ತೂರಿಸಬಹುದು. ಹಳ್ಳದ ಕಲ್ಲಿನ ಮೇಲೆ ಮಂಡಿಯೂರಿ ಮೈಕ್ ಹಿಡಿದು ಕೂತವರಿಗೆ ಇದರ ಬೆಲೆ ಗೊತ್ತು. ಕೆಳಗಿನ ಅಂಚಿನಲ್ಲಿ ಬೂಟಿನ ಲೇಸಿಗೆ ಸಿಕ್ಕಿಸುವ ಕೊಕ್ಕೆ ಇದೆ, ಪ್ಯಾಂಟು ಮೇಲೆ ಸರಿಯುವುದಿಲ್ಲ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಇದು ಸಾಲದು, ಉಂಬಳದ ಕಾಲುಚೀಲ ಬೇಕೇ ಬೇಕು.

ಪೂರ್ತಿ ವಾಟರ್‌ಪ್ರೂಫ್ ಎಂದು ತಿಳಿದು ಕೊಳ್ಳಬೇಡಿ. ಬಿಡದೆ ಸುರಿದರೆ ನೆನೆಯುತ್ತದೆ, ಹಳ್ಳಕ್ಕಿಳಿದರೆ ಕೇಳುವುದೇ ಬೇಡ. ಆದರೆ ಒದ್ದೆ ಜೀನ್ಸಿನ ಹಾಗೆ ಕಾಲಿಗೆ ಅಂಟಿ ಭಾರವಾಗುವುದಿಲ್ಲ, ಮಳೆ ನಿಂತ ಮೇಲೆ ಬೇಗ ಆರುತ್ತದೆ. ಒದ್ದೆಯಾಗಿಯೇ ಮಡಚಿಡಬೇಡಿ. ಹತ್ತಿ ಇರುವುದರಿಂದ ಬೂಸ್ಟು ಹಿಡಿಯುತ್ತದೆ. ಬಚ್ಚಲ ಒಲೆಯ ಮೇಲೂ ನೇತು ಹಾಕಬೇಡಿ, ಮೇಣ ಇಳಿಯುತ್ತದೆ. ಒಗೆದಷ್ಟೂ ಮೇಣ ಸವೆಯುತ್ತದೆ, ಮತ್ತೆ ಹಚ್ಚಬೇಕು.

ಯಾವ ಪ್ಯಾಂಟು ಕೊಂಡರೂ ಅಂಗಡಿಯಲ್ಲೇ ಎರಡು ಕಾಲುಗಳ ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿ ನೋಡಿ. ಉಗುರಿನಿಂದ ಗೀರಿ. ಜೇಬಿಗೆ ವೆಲ್ಕ್ರೋ ಇದ್ದರೆ ಬೇಡವೇ ಬೇಡ, ಕತ್ತಲಲ್ಲಿ ಅದನ್ನು ಬಿಚ್ಚಿದರೆ ಇಡೀ ಹಳ್ಳಕ್ಕೆ ಕೇಳುತ್ತದೆ.

ಇಷ್ಟು ದುಡ್ಡು ಹಾಕಲು ಆಗದವರು ಒತ್ತು ನೇಯ್ಗೆಯ ಟೆರಿಕಾಟ್ ಬಟ್ಟೆ ತಂದು ಊರಿನ ದರ್ಜಿಯ ಹತ್ತಿರ ಸಡಿಲವಾಗಿ ಹೊಲಿಸಿಕೊಳ್ಳಿ, ಮೇಣ ಮಾತ್ರ ತರಿಸಿ ಹಚ್ಚಿ. ನನ್ನ ಜೊತೆ ಬರುವ ಗೆಳೆಯ ಹಾಗೇ ಮಾಡಿಕೊಂಡಿದ್ದಾನೆ. ಮಂಡಿಯ ಹತ್ತಿರ ಬೇಗ ಸವೆಯುತ್ತದೆ ನಿಜ, ಆದರೆ ಅವನ ರೆಕಾರ್ಡಿಂಗಿನಲ್ಲೂ ಪ್ಯಾಂಟಿನ ಸದ್ದಿಲ್ಲ.